ಬಲ್ಲ ನುಡಿಯನ್ನು ಕಲಿಯುವದು

"ಕನ್ನಡವು ನಮ್ಮ ಮಕ್ಕಳಿಗೆ ಬರುವದಷ್ಟೇ, ಬಂದಿರುವ ಭಾಷೆಯನ್ನು ಮತ್ತೊಮ್ಮೆ ಕಲಿಯುವದೇಕೆ?" ಎಂದು ಪಾಲಕರಲ್ಲಿ ಅನೇಕರು ನಮ್ಮನ್ನು ಕೇಳುವದುಂಟು. ಇಂಗ್ಲಿಷು, ಗಣಿತ, ವಿಜ್ಞಾನಗಳಿಗೆ ಮನೆಪಾಠವನ್ನು ಏರ್ಪಡಿಸುವ ತಂದೆತಾಯಿಗಳು ಕನ್ನಡ ವ್ಯಾಕರಣದ ಪುಸ್ತಕವನ್ನು ಕಂಡೊಡನೆ, ಇದು ಪರೀಕ್ಷೆಯ ಅಂಕಗಳಿಗಾಗಿ ಹೊರಬೇಕಾದ ಹೊರೆಯೆಂದೇ ಎಣಿಸುವರು. ಇನ್ನೊಂದು ಪ್ರಶ್ನೆಯು ನಮ್ಮ ಮಾಜಿ ವಿದ್ಯಾರ್ಥಿನಿಯರಿಂದ ಬರುವದು. ಶಾಲೆಯನ್ನು ಬಿಟ್ಟು ದೂರದ ಪಟ್ಟಣಗಳಿಗೆ ಉಚ್ಚ ಶಿಕ್ಷಣಕ್ಕೆಂದೋ ನೌಕರಿಗೆಂದೋ ಹೋದವರಲ್ಲಿ ಕೆಲವರು, ತಮ್ಮ ಮಾತನ್ನು ಕೇಳಿ ಸಂಗಾತಿಯರು ನಗುವರೆಂದೂ, ಆದಕಾರಣ ನಾಲ್ಕು ಜನರೊಳಗೆ ಬಾಯಿ ತೆರೆಯಲು ಸಂಕೋಚಪಡುವೆವೆಂದೂ ನಮಗೆ ತಿಳಿಸಿದ್ದಾರೆ. "ನಮ್ಮ ಕನ್ನಡ ಅಶುದ್ಧವೇ?" ಎಂಬುದು ಅವರ ಪ್ರಶ್ನೆ.

ಈ ಎರಡು ಪ್ರಶ್ನೆಗಳು ಮೇಲ್ನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಇವುಗಳ ಉತ್ತರವು ಒಂದೇ ಎಂದು ನಾವು ಬಗೆಯುತ್ತೇವೆ. ಹುಟ್ಟಿನಿಂದ ಬಂದ ಭಾಷೆಯನ್ನು ಆಡಬಲ್ಲೆವೇ ಹೊರತು, ಅದರ ಕಟ್ಟನ್ನೂ ಚರಿತ್ರೆಯನ್ನೂ ನಾವು ಅರಿತಿರುವದಿಲ್ಲ. ಅರಿಯದವಳು ಯಾರಾದರೂ ನಕ್ಕರೆ ನಾಚುವಳು. ಅರಿತವಳಿಗೆ ನಾಚಿಕೆಗೆ ಕಾರಣವೇ ತೋರದು. ಇದನ್ನು ನಮ್ಮ ಸೀಮೆಯ ಮಾತಿನಿಂದಲೇ ಆಯ್ದ ಕೆಲವು ಉದಾಹರಣೆಗಳಿಂದ ವಿವರಿಸುವದೇ ಈ ಲೇಖನದ ಉದ್ದೇಶವಾಗಿದೆ.

ಕಲಿಸದೆ ಬಂದ ನಿಯಮಗಳು

ಕ್ರಿಸ್ತಶಕ ೮೫೦ರ ಸುಮಾರಿಗೆ ರಾಷ್ಟ್ರಕೂಟ ಅರಸನಾದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದು. ಕನ್ನಡ ನಾಡಿನ ಜನರು ಶಾಸ್ತ್ರವನ್ನು ಓದದೆಯೇ ಕಾವ್ಯವನ್ನು ಪ್ರಯೋಗಿಸಬಲ್ಲ ಬುದ್ಧಿಯುಳ್ಳವರೆಂದು ಅದರ ಕರ್ತೃವು ಹೊಗಳಿದ್ದಾನೆ. ಈ ಮಾತನ್ನು ಬರಿಯ ಅಭಿಮಾನದ ನುಡಿಯೆಂದು ತಿಳಿಯಬಾರದು. ಭಾಷೆಯನ್ನು ತಾಯಿಯ ತೊಡೆಯ ಮೇಲೆ ಕಲಿತ ಪ್ರತಿಯೊಂದು ಮಗುವೂ ಯಾರೂ ಕಲಿಸದ ನೂರಾರು ನಿಯಮಗಳನ್ನು ತಪ್ಪದೆ ಪಾಲಿಸುವದು. ಆದರೆ ಆ ನಿಯಮಗಳು ಯಾವವೆಂದು ಕೇಳಿದರೆ ಮಗುವೂ ಹೇಳದು, ತಾಯಿಯೂ ಹೇಳಳು.

ಇದಕ್ಕೊಂದು ದೃಷ್ಟಾಂತ. ಚಡಚಣ, ಇಂಡಿ, ಸಿಂದಗಿಗಳ ಕಡೆಯಲ್ಲಿ 'ಬೇಡ' ಎಂಬುದನ್ನು 'ಬ್ಯಾಡ' ಎನ್ನುವೆವು. 'ಮೇಲೆ' ಎಂಬುದನ್ನು 'ಮ್ಯಾಲ' ಎನ್ನುವೆವು. ಪಟ್ಟಣದವರು ಇದನ್ನು ಕೇಳಿ, ಹಳ್ಳಿಯವರು 'ಏ'ಕಾರವನ್ನು ಉಚ್ಚರಿಸಲರಿಯದೆ 'ಯಾ'ಕಾರವನ್ನಾಗಿ ಕೆಡಿಸುವರೆಂದು ಹೇಳುವದುಂಟು. ಹಾಗಿದ್ದರೆ 'ಬೇಕು' ಎಂಬುದನ್ನು 'ಬ್ಯಾಕು' ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? 'ಹೇಳು' ಎಂಬುದು 'ಹ್ಯಾಳು' ಆದೀತೇ? ಬೇವಿನ ಮರವನ್ನು 'ಬ್ಯಾವು' ಎಂದು ಕರೆಯುವವರುಂಟೇ? ಇಲ್ಲವೇ ಇಲ್ಲ. ಎಂಟನೆಯ ಇಯತ್ತೆಯ ಹುಡುಗಿಯರಿಗೆ ನಾವು ಒಮ್ಮೆ ಇಂಥ ಶಬ್ದಗಳನ್ನು ಎರಡು ಸಾಲಾಗಿ ಬರೆಯಲು ಹೇಳಿದೆವು. ಒಂದು ಸಾಲಿನಲ್ಲಿ ಬೇಡ, ಮೇಲೆ, ಬೇನೆ, ಬೇಳೆ, ಪೇಟೆ ಎಂಬವು ನಿಂತವು. ಇವು ಬಾಯಲ್ಲಿ ಬ್ಯಾಡ, ಮ್ಯಾಲ, ಬ್ಯಾನಿ, ಬ್ಯಾಳಿ, ಪ್ಯಾಟಿ ಆಗುವವು. ಇನ್ನೊಂದು ಸಾಲಿನಲ್ಲಿ ಬೇಕು, ಬೇವು, ಹೇಳು, ಕೇಳು, ಬೇಲಿ, ಏಣಿ ಎಂಬವು ನಿಂತವು. ಇವು ಬದಲಾಗದೆ ಹಾಗೆಯೇ ಉಳಿಯುವವು. ಸಾಲುಗಳನ್ನು ನೋಡುತ್ತಿದ್ದಂತೆ ನಿಯಮವು ತಾನಾಗಿಯೇ ಹೊರಬಿದ್ದಿತು. ಮುಂದಿನ ಅಕ್ಷರದಲ್ಲಿ 'ಅ'ಕಾರ ಅಥವಾ 'ಎ'ಕಾರವಿದ್ದರೆ ಮೊದಲಿನ 'ಏ'ಕಾರವು ಬಾಯಿ ತೆರೆದು 'ಯಾ'ದ ಕಡೆಗೆ ಸರಿಯುವದು. ಮುಂದೆ 'ಇ'ಕಾರ ಅಥವಾ 'ಉ'ಕಾರವಿದ್ದರೆ ಅದು ಸ್ವಸ್ಥಾನದಲ್ಲಿ ನಿಲ್ಲುವದು. 'ಓ'ಕಾರದ ನಡತೆಯೂ ಇದರಂತೆಯೇ. ಗೋಡೆಯು 'ಗ್ವಾಡಿ'ಯಾಗುವದು, ತೋಟವು 'ತ್ವಾಟ'ವಾಗುವದು. ಆದರೆ ಕೋಳಿಯು ಕೋಳಿಯಾಗಿಯೇ, ಓಣಿಯು ಓಣಿಯಾಗಿಯೇ ಇರುವವು.

ಇಲ್ಲಿ ಜಾಣೆಯಾದ ಹುಡುಗಿಯೊಬ್ಬಳು ಆಕ್ಷೇಪವೊಂದನ್ನು ಎತ್ತಿದಳು. "'ಬ್ಯಾಳಿ' ಎಂಬಲ್ಲಿಯೂ 'ಬೇಲಿ' ಎಂಬಲ್ಲಿಯೂ ಕೊನೆಗೆ ಇರುವದು 'ಇ'ಕಾರವೇ. ಹಾಗಿರಲು ಒಂದು ಬದಲಾಗಿ ಇನ್ನೊಂದು ಬದಲಾಗದೆ ಉಳಿದದ್ದೇಕೆ?" ಆಕ್ಷೇಪವು ನ್ಯಾಯವಾದದ್ದು. ಇದರ ಸಮಾಧಾನವನ್ನು ಇಂದಿನ ಮಾತಿನಲ್ಲಿ ಹುಡುಕಿದರೆ ಸಿಕ್ಕದು, ಚರಿತ್ರೆಯಲ್ಲಿ ಹುಡುಕಬೇಕು. 'ಬೇಲಿ'ಯ 'ಇ'ಕಾರವು ಮೊದಲಿನಿಂದಲೂ ಇದ್ದದ್ದು. 'ಬ್ಯಾಳಿ'ಯ 'ಇ'ಕಾರವಾದರೋ ಹಿಂದೆ 'ಎ'ಕಾರವಾಗಿತ್ತು. ಮನೆಯು 'ಮನಿ'ಯಾಗಿ, ತಲೆಯು 'ತಲಿ'ಯಾಗಿ, ನಾಳೆಯು 'ನಾಳಿ'ಯಾಗಿ ಬದಲಾದಂತೆ ಬೇಳೆಯ ಕೊನೆಯೂ ಬದಲಾಯಿತು. ಆದರೆ ಅದಕ್ಕಿಂತ ಮೊದಲೇ ಅದರ 'ಏ'ಕಾರವು 'ಯಾ' ಆಗಿಬಿಟ್ಟಿತ್ತು. ಎರಡು ಬದಲಾವಣೆಗಳಲ್ಲಿ ಯಾವದು ಹಿಂದಿನದು, ಯಾವದು ಮುಂದಿನದು ಎಂಬುದು ಹೀಗೆ ನಮ್ಮ ಅಡಿಗೆಮನೆಯ ಒಂದು ಶಬ್ದದಿಂದಲೇ ಗೊತ್ತಾಗುವದು. ಅಕ್ಷರವನ್ನೇ ಅರಿಯದ ಅಜ್ಜಿಯು 'ಬ್ಯಾಳಿ' ಎನ್ನುವಾಗ, ಆ ಶಬ್ದದ ಕೊನೆಯಲ್ಲಿ ಈಗ ಕೇಳಿಬರದ 'ಎ'ಕಾರವೊಂದರ ಗುರುತನ್ನು ಅವಳ ನಾಲಿಗೆಯು ಕಾಯ್ದುಕೊಂಡಿದೆ.

ಕೊನೆಯ 'ಎ'ಕಾರದ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಮನೆ, ಎಲೆ, ನಿನ್ನೆ ಎಂಬವು ನಮ್ಮಲ್ಲಿ 'ಇ'ಕಾರವನ್ನು ಪಡೆಯುವವು. ಆದರೆ 'ನನಗೆ' ಎಂಬುದು 'ನನಗ' ಆಗುವದು, 'ಹಿಂದೆ' ಎಂಬುದು 'ಹಿಂದ' ಆಗುವದು, 'ಬರುತ್ತಾನೆ' ಎಂಬುದು 'ಬರ್ತಾನ' ಆಗುವದು. ನಾಮಪದದ ಕೊನೆಗೆ ಒಂದು ನಿಯಮ, ಪ್ರತ್ಯಯದ ಕೊನೆಗೆ ಇನ್ನೊಂದು. ನಾಮಪದವೆಂದರೇನು, ಪ್ರತ್ಯಯವೆಂದರೇನು ಎಂದು ಪರೀಕ್ಷೆಯಲ್ಲಿ ತಪ್ಪು ಬರೆಯುವ ಹುಡುಗಿಯೂ ಮನೆಯಲ್ಲಿ ಆಡುವಾಗ ಈ ಎರಡನ್ನು ಒಮ್ಮೆಯೂ ಕಲಸಿಬಿಡುವದಿಲ್ಲ. ವ್ಯಾಕರಣವು ಅವಳಿಗೆ ಬಾರದೆಂದು ಹೇಳುವದು ಹೇಗೆ? ಬರುವದು, ಆದರೆ ತನಗೆ ಬರುವದೆಂಬುದು ಅವಳಿಗೆ ತಿಳಿಯದು.

ಅಪವಾದಗಳೊಳಗಿನ ಚರಿತ್ರೆ

ಭಾಷೆಯ ಚರಿತ್ರೆಯನ್ನು ಅರಿಯದಿದ್ದರೆ ಅದರ ಕಟ್ಟಿನಲ್ಲಿ ಅನೇಕ ಸಂಗತಿಗಳು ಅರ್ಥವಿಲ್ಲದ ಅಪವಾದಗಳಾಗಿ ತೋರುವವು. 'ಕೇಳು' ಎಂಬ ಧಾತುವಿನಿಂದ 'ಕೇಳಿದನು' ಎಂದಾಗುವದು. ಅದರಂತೆ 'ಬೀಳು' ಎಂಬುದರಿಂದ 'ಬೀಳಿದನು' ಎಂದೂ 'ಏಳು' ಎಂಬುದರಿಂದ 'ಏಳಿದನು' ಎಂದೂ ಆಗಬೇಕಷ್ಟೇ? ಆದರೆ ನಾವು 'ಬಿದ್ದನು', 'ಎದ್ದನು' ಎನ್ನುವೆವು. ಕನ್ನಡವನ್ನು ಹೊಸದಾಗಿ ಕಲಿಯುವ ಪರಭಾಷಿಕರು ಇಲ್ಲಿ ಎಡವುವರು. ನಮಗಾದರೋ ಇಲ್ಲಿ ಕೇಳಬೇಕಾದ ಪ್ರಶ್ನೆಯಿದೆಯೆಂದೇ ಹೊಳೆಯುವದಿಲ್ಲ.

ಹಳಗನ್ನಡದಲ್ಲಿ 'ಳ'ಕಾರವಲ್ಲದೆ ಅದಕ್ಕೆ ಸಮೀಪವಾದ 'ೞ' ಎಂಬ ಬೇರೊಂದು ಅಕ್ಷರವಿತ್ತು. ತಮಿಳು, ಮಲಯಾಳಗಳಲ್ಲಿ ಈ ಧ್ವನಿಯು ಇಂದಿಗೂ ಉಂಟು. 'ತಮಿಳು' ಎಂದು ನಾವು ಬರೆಯುವ ಹೆಸರಿನ ಕೊನೆಯ ಧ್ವನಿಯೇ ಅದು. ಕನ್ನಡದ ಕೋಳಿಯು ಹಿಂದೆ ಕೋೞಿಯಾಗಿತ್ತು, ಹಳೆಯದು ಪೞೆಯದಾಗಿತ್ತು. 'ಕೇಳ್' ಎಂಬುದರಲ್ಲಿ ಇದ್ದದ್ದು 'ಳ'ಕಾರ. 'ಬೀೞ್', 'ಏೞ್' ಎಂಬವುಗಳಲ್ಲಿ ಇದ್ದದ್ದು 'ೞ'ಕಾರ. ಬಿೞ್ದು ಎಂಬುದು ಬಿರ್ದು ಎಂದಾಗಿ, ಬಿರ್ದು ಎಂಬುದು ಬಿದ್ದು ಎಂದಾಯಿತು. ಎೞ್ದು ಎಂಬುದು ಎರ್ದು ಎಂದಾಗಿ, ಮುಂದೆ ಎದ್ದು ಎಂದಾಯಿತು. ಹೊಲಗದ್ದೆಯ 'ಗದ್ದೆ'ಯೂ ಗೞ್ದೆಯಿಂದ ಹೀಗೆಯೇ ಬಂದದ್ದು. ಅಕ್ಷರವು ವರ್ಣಮಾಲೆಯಿಂದ ಮಾಯವಾಗಿ ಎಷ್ಟೋ ಶತಮಾನಗಳು ಕಳೆದವು. ಆದರೂ ದಿನಾಲು 'ಬಿದ್ದೆ', 'ಎದ್ದೆ' ಎನ್ನುವ ನಾವು ಅದರ ಹೆಜ್ಜೆಯ ಗುರುತನ್ನು ನಮಗರಿಯದಂತೆಯೇ ಉಳಿಸಿಕೊಂಡಿದ್ದೇವೆ.

ಇನ್ನೊಂದು ಉದಾಹರಣೆಯನ್ನು ನೋಡೋಣ. ಸೊಲ್ಲಾಪುರದಲ್ಲಿ ತೆಲುಗು ನೇಕಾರರ ಮನೆಗಳು ಬಹಳ. ಅವರು ಹಾಲಿಗೆ 'ಪಾಲು' ಎಂದೂ ಹುಲಿಗೆ 'ಪುಲಿ' ಎಂದೂ ಹೇಳುವದನ್ನು ಪೇಟೆಗೆ ಹೋದ ನಮ್ಮ ಪಾಲಕರು ಕೇಳಿರಬಹುದು. ಹಳಗನ್ನಡದಲ್ಲಿಯೂ ಪಾಲ್, ಪುಲಿ, ಪೂ ಎಂದೇ ಇದ್ದಿತು. ಹತ್ತನೆಯ ಶತಮಾನದಿಂದೀಚೆಗೆ ಕನ್ನಡದ ಶಾಸನಗಳಲ್ಲಿ 'ಪ'ಕಾರದ ಸ್ಥಾನದಲ್ಲಿ 'ಹ'ಕಾರವು ಮೆಲ್ಲನೆ ತಲೆಯೆತ್ತಿ, ಹದಿನಾಲ್ಕನೆಯ ಶತಮಾನದ ವೇಳೆಗೆ ಅದೇ ರೂಢಿಯಾಯಿತು. ಅದರಂತೆಯೇ ಕನ್ನಡವು ಬಿಡದೆ ಇಟ್ಟುಕೊಂಡದ್ದನ್ನು ತೆಲುಗು ಬಿಟ್ಟುದೂ ಉಂಟು: ನಮ್ಮ ಕಿವಿಯು ಅವರಿಗೆ 'ಚೆವಿ', ನಮ್ಮ ಕೆರೆಯು ಅವರಿಗೆ 'ಚೆರುವು'. ಅಕ್ಕತಂಗಿಯರು ತವರಿನ ಒಡವೆಗಳನ್ನು ಹಂಚಿಕೊಂಡು ಹೋದಂತೆ ಈ ಭಾಷೆಗಳು ತಮ್ಮ ಪೂರ್ವಿಕ ಭಾಷೆಯ ಸೊತ್ತನ್ನು ಹಂಚಿಕೊಂಡಿವೆ. ಇದನ್ನು ರಾಬರ್ಟ್ ಕಾಲ್ಡ್‌ವೆಲ್ ಎಂಬ ಮಿಶನರಿ ಪಂಡಿತರು ೧೮೫೬ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ವಿಸ್ತಾರವಾಗಿ ತೋರಿಸಿಕೊಟ್ಟರು.

ನಮ್ಮ ಹೆಣ್ಣುಮಕ್ಕಳು ಚಿಕ್ಕಂದಿನಿಂದ ಹೇಳುವ 'ನಾ ಒಲ್ಲೆ' ಎಂಬ ಮಾತನ್ನೂ ಸ್ವಲ್ಪ ಪರೀಕ್ಷಿಸಬೇಕು. ಬೆಂಗಳೂರಿನ ಕಡೆಯಲ್ಲಿ ಸಾಮಾನ್ಯವಾಗಿ 'ನನಗೆ ಬೇಡ' ಎನ್ನುವರು. 'ಒಲ್ಲೆ' ಎಂದರೆ ಹಳ್ಳಿಯ ಮಾತೆಂದು ಎಣಿಸುವವರೂ ಇದ್ದಾರೆ. ಕನ್ನಡದ ಕ್ರಿಯಾಪದದಲ್ಲಿ ಮೊದಲು ಧಾತು, ನಡುವೆ ಕಾಲವನ್ನು ಸೂಚಿಸುವ ಅಕ್ಷರ, ಕೊನೆಗೆ ಕರ್ತೃವನ್ನು ಸೂಚಿಸುವ ಪ್ರತ್ಯಯ ಬರುವವು. ಮಾಡಿದೆನು ಎಂಬಲ್ಲಿ 'ದ'ಕಾರವು ಭೂತಕಾಲವನ್ನೂ, ಮಾಡುವೆನು ಎಂಬಲ್ಲಿ 'ವ'ಕಾರವು ಭವಿಷ್ಯವನ್ನೂ ತಿಳಿಸುವವು. ಆ ನಡುವಿನ ಸ್ಥಾನದಲ್ಲಿ ಏನನ್ನೂ ಇಡದೆ ಬರಿದು ಬಿಟ್ಟರೆ 'ಮಾಡೆನು' ಎಂದಾಗುವದು. ಅರ್ಥವು 'ಮಾಡುವದಿಲ್ಲ' ಎಂದು! 'ಇಲ್ಲ' ಎಂಬ ಶಬ್ದವಿಲ್ಲ, ನಿಷೇಧವನ್ನು ಸೂಚಿಸುವ ಅಕ್ಷರವೂ ಇಲ್ಲ. ಕಾಲದ ಗುರುತಿಲ್ಲದಿರುವದೇ ನಿಷೇಧದ ಗುರುತು. ಈ ಹಳೆಯ ಕಟ್ಟು ಇಂದಿನ ಮಾತಿನಲ್ಲಿ ಬಹುಮಟ್ಟಿಗೆ ಅಳಿದುಹೋಗಿ ಕೆಲವೇ ಧಾತುಗಳಲ್ಲಿ ಉಳಿದಿದೆ. ಒಲವು ಎಂಬ ಶಬ್ದದಲ್ಲಿ ಕಾಣುವ 'ಒಲ್' ಎಂಬ ಧಾತುವಿನಿಂದಾದ 'ಒಲ್ಲೆ' ಎಂಬುದು ಅವುಗಳಲ್ಲೊಂದು. ಊಟಕ್ಕೆ ಕರೆದಾಗ ಮುನಿದು 'ಒಲ್ಲೆ' ಎನ್ನುವ ಚಿಕ್ಕ ಹುಡುಗಿಯ ಬಾಯಲ್ಲಿ ಹಳಗನ್ನಡದ ಕ್ರಿಯಾಪದವು ತನ್ನ ಪೂರ್ಣರೂಪದಲ್ಲಿ ಜೀವಿಸಿದೆ.

ಒಳಗಿನವರೂ ಹೊರಗಿನವರೂ

ಇಂಥ ಸಂಗತಿಗಳನ್ನು ಮೊದಲು ಕಂಡವರು ಯಾರು? ಕನ್ನಡಿಗರಲ್ಲಿ ಸುಮಾರು ಕ್ರಿ.ಶ. ೧೨೬೦ರಲ್ಲಿದ್ದ ಕೇಶಿರಾಜನ ಹೆಸರನ್ನು ಮೊದಲು ಹೇಳಬೇಕು. ಅವನ 'ಶಬ್ದಮಣಿದರ್ಪಣ'ವು ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಹಿಡಿದೇ ರಚಿತವಾದದ್ದು. ಆದರೂ ಸಂಸ್ಕೃತದಲ್ಲಿಲ್ಲದ, ಕನ್ನಡಕ್ಕೇ ವಿಶಿಷ್ಟವಾದ ಸಂಗತಿಗಳನ್ನು ಅವನು ಗುರುತಿಸಿ ಹೇಳಿದನು. 'ೞ'ಕಾರವು ಜನರ ಬಾಯಲ್ಲಿ ಅಳಿಯುತ್ತಿದ್ದ ಕಾಲದಲ್ಲಿ, ಯಾವ ಯಾವ ಶಬ್ದಗಳಲ್ಲಿ ಅದು ಬರಬೇಕೆಂಬುದನ್ನು ಅವನು ಪಟ್ಟಿಮಾಡಿ ಕಾಯ್ದಿಟ್ಟನು. ಕಳೆದುಹೋಗುತ್ತಿರುವದನ್ನು ಕಂಡು ಬರೆದಿಡುವದು ತಾಯ್ನುಡಿಯವನಿಂದ ಆದ ದೊಡ್ಡ ಉಪಕಾರ.

ಅನಂತರ ಹೇಳತಕ್ಕವರು ಹೊರಗಿನಿಂದ ಬಂದವರು. ೧೮೩೨ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್ ಸಾಹೇಬರು ೧೮೫೩ರಲ್ಲಿ ಬಾಸೆಲ್ ಮಿಶನ್ನಿನ ಸೇವಕರಾಗಿ ಕನ್ನಡ ನಾಡಿಗೆ ಬಂದರು. ಸುವಾರ್ತೆಯನ್ನು ಸಾರಲು ಬಂದವರಿಗೆ ಭಾಷೆಯು ಬಾಗಿಲಾಗಿತ್ತು. ಅವರು ಬಾಗಿಲಲ್ಲಿಯೇ ನಿಂತು ಅದರ ಕೆತ್ತನೆಯನ್ನು ಜೀವಮಾನವೆಲ್ಲ ನೋಡಿದರು. ೧೮೭೨ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ ಮಂಗಳೂರಿನಲ್ಲಿ ಮುದ್ರಿಸಿದರು. ೧೮೯೪ರಲ್ಲಿ ಸುಮಾರು ೭೦,೦೦೦ ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ೧೯೦೩ರಲ್ಲಿ, ತಾವು ದೈವಾಧೀನರಾದ ವರ್ಷವೇ, ಕನ್ನಡದ ವ್ಯಾಕರಣವನ್ನು ಪ್ರಕಟಿಸಿದರು. ಆ ನಿಘಂಟಿನಲ್ಲಿ ಪಂಡಿತರ ಶಬ್ದಗಳ ಪಕ್ಕದಲ್ಲಿಯೇ ಹೊಲದ, ಒಲೆಯ, ಸಂತೆಯ ಶಬ್ದಗಳೂ ಗಾದೆಗಳೂ ಸ್ಥಾನ ಪಡೆದಿವೆ. ಹೊರಗಿನವನಿಗೆ ಎಲ್ಲವೂ ಹೊಸದು. ಆದಕಾರಣ ಅವನು ಎಲ್ಲವನ್ನೂ ಕೇಳುವನು. ಒಳಗಿನವರಾದ ನಾವು ಕೇಳುವದಿಲ್ಲ. ಇದೇ ನಮ್ಮ ಕೊರತೆ.

ಆದರೆ ನಮಗೊಂದು ಹೆಚ್ಚಿನ ಅನುಕೂಲವೂ ಉಂಟು. 'ಬ್ಯಾಕು' ಎಂದು ಯಾರೂ ಹೇಳುವದಿಲ್ಲವೆಂಬುದನ್ನು ತಿಳಿಯಲು ಹೊರಗಿನವನು ನೂರು ಜನರನ್ನು ವಿಚಾರಿಸಬೇಕು. ನಮ್ಮ ಕಿವಿಯು ಕ್ಷಣದಲ್ಲಿ ಹೇಳಿಬಿಡುವದು. ಹೊರಗಿನವನ ಪ್ರಶ್ನೆಯೂ ಒಳಗಿನವಳ ಕಿವಿಯೂ ಒಬ್ಬಳಲ್ಲಿಯೇ ಕೂಡಿದರೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕನ್ನಡಿಗರೇ ಈ ಕೆಲಸವನ್ನು ಕೈಕೊಂಡರು. ಆರ್. ನರಸಿಂಹಾಚಾರ್ಯರ ಕನ್ನಡ ಭಾಷೆಯ ಚರಿತ್ರೆಯು ೧೯೩೪ರಲ್ಲಿಯೂ, ಅತ್ಯಂತ ಹಳೆಯ ಶಾಸನಗಳ ಭಾಷೆಯನ್ನು ಕುರಿತು ಎ. ಎನ್. ನರಸಿಂಹಯ್ಯನವರು ಬರೆದ ವ್ಯಾಕರಣವು ೧೯೪೧ರಲ್ಲಿಯೂ ಹೊರಬಂದವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು ೧೯೯೫ರಲ್ಲಿ ಪೂರ್ಣವಾಯಿತು.

ಇದು ಕನ್ನಡಿಗರೊಬ್ಬರ ಅನುಭವವೂ ಅಲ್ಲ. ಚೀನ ದೇಶದ ಸಂಗತಿಯು ನಮ್ಮದಕ್ಕೆ ಬಹಳ ಹೋಲುವದರಿಂದ ಅದನ್ನು ಸಂಕ್ಷೇಪವಾಗಿ ಹೇಳುವೆವು. ಚೀನೀಯರ ಬರವಣಿಗೆಯಲ್ಲಿ ಒಂದೊಂದು ಚಿಹ್ನೆಯೂ ಒಂದೊಂದು ಶಬ್ದವನ್ನೋ ಶಬ್ದದ ಭಾಗವನ್ನೋ ಸೂಚಿಸುವದಾದ್ದರಿಂದ, ಉಚ್ಚಾರವು ಬದಲಾದರೂ ಬರಹವು ಬದಲಾದಂತೆ ತೋರುವದಿಲ್ಲ. ಅಂಥಲ್ಲಿ, ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಕವಿತೆಗಳನ್ನು ಇಂದಿನ ಪೀಕಿಂಗಿನ ಉಚ್ಚಾರದಲ್ಲಿ ಓದಿದರೆ ಕೆಲವು ಪ್ರಾಸಗಳು ಕೂಡುವದೇ ಇಲ್ಲ. ಪ್ರಾಚೀನ ಪದ್ಯಗಳ ಪ್ರಾಸಭಂಗಕ್ಕೆ ಕಾರಣವು ಕವಿಯ ದೋಷವಲ್ಲ, ಕಾಲಾಂತರದಲ್ಲಿ ಧ್ವನಿಗಳು ಬದಲಾದದ್ದೇ ಎಂದು ಚೀನೀ ವಿದ್ವಾಂಸರೇ ಸುಮಾರು ನಾಲ್ಕು ನೂರು ವರ್ಷಗಳ ಹಿಂದೆ ಸಿದ್ಧಾಂತ ಮಾಡಿದರು. ಕ್ರಿ.ಶ. ೬೦೧ರಲ್ಲಿ ಲು ಫಾಯೆನ್ ಎಂಬಾತನು ಪ್ರಾಸಗಳ ಕ್ರಮದಲ್ಲಿ ರಚಿಸಿದ ಕೋಶವು ಹಳೆಯ ಉಚ್ಚಾರವನ್ನು ಅರಿಯಲು ಅವರಿಗೆ ಮುಖ್ಯ ಆಧಾರವಾಯಿತು. ದಕ್ಷಿಣದ ಕ್ಯಾಂಟನ್ ಸೀಮೆಯ ಮಾತಿನಲ್ಲಿ, ಪೀಕಿಂಗಿನ ಮಾತು ಕಳೆದುಕೊಂಡ ಪದಾಂತ್ಯದ ಪ್, ತ್, ಕ್ ಎಂಬ ಹಳೆಯ ವ್ಯಂಜನಗಳು ಇಂದಿಗೂ ಉಳಿದಿವೆ. ರಾಜಧಾನಿಯ ಮಾತೇ ಹಳೆಯದು, ಮೂಲೆಯ ಮಾತು ಕೆಟ್ಟದ್ದು ಎಂಬ ಎಣಿಕೆಯು ಅಲ್ಲಿಯೂ ನಿಲ್ಲಲಿಲ್ಲ. ಇನ್ನು, ಚೀನೀ ಭಾಷೆಗೆ ವ್ಯವಸ್ಥಿತವಾದ ವ್ಯಾಕರಣವನ್ನು ಚೀನೀಯನೇ ಬರೆದದ್ದು ೧೮೯೮ರಲ್ಲಿ. ಅದನ್ನು ಬರೆದ ಮಾ ಜಿಯಾನ್‌ಝೋಂಗ್ ಎಂಬಾತನು ಶಾಂಘಾಯಿಯ ಕ್ರೈಸ್ತ ಮಿಶನ್ ಶಾಲೆಯಲ್ಲಿ ಲ್ಯಾಟಿನ್ ಮೊದಲಾದ ಪರಭಾಷೆಗಳನ್ನು ಕಲಿತವನು. ಪರಭಾಷೆಯ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಿಕೊಂಡ ಮೇಲೆ ಅವನಿಗೆ ತನ್ನ ನುಡಿಯ ಕಟ್ಟು ಕಂಡಿತು. ನಮ್ಮ ಹುಡುಗಿಯರು ಇಂಗ್ಲಿಷನ್ನು ಕಲಿಯುವದರಿಂದ ಕನ್ನಡಕ್ಕೆ ಹಾನಿಯೇ ಆಗಬೇಕೆಂಬ ನಿಯಮವಿಲ್ಲ. ಹೋಲಿಸಿ ನೋಡುವ ಬುದ್ಧಿಯಿದ್ದರೆ ಲಾಭವೇ ಆಗುವದು.

ಕಿವಿಯು ಮೋಸಹೋಗುವ ಸ್ಥಳಗಳು

ತಾಯ್ನುಡಿಯವರ ಕಿವಿಯು ಒಳ್ಳೆಯ ಸಾಕ್ಷಿ. ಆದರೆ ತೀರ್ಪು ಕೊಡುವ ಅಧಿಕಾರವು ಅದಕ್ಕಿಲ್ಲ. ಇಂದು ಹೇಗೆ ಆಡುತ್ತೇವೆಂಬುದನ್ನು ಅದು ಹೇಳಬಲ್ಲದು. ಹಿಂದೆ ಹೇಗಿತ್ತೆಂಬುದನ್ನು ಹೇಳಲಾರದು. ಪುಸ್ತಕದಲ್ಲಿರುವದೇ ಮೂಲ, ಬಾಯಲ್ಲಿರುವದು ಅದರ ವಿಕಾರ ಎಂದು ಓದುಬರಹ ಬಲ್ಲವರೆಲ್ಲರೂ ಎಣಿಸುವೆವು. 'ಹಾಗೆ, ಹೀಗೆ' ಎಂಬವು ಶುದ್ಧ, ನಮ್ಮ 'ಹಾಂಗ, ಹೀಂಗ' ಎಂಬವು ಅಶುದ್ಧ ಎಂದು ಅನೇಕರ ತಿಳಿವಳಿಕೆ. ಆದರೆ ರೀತಿ ಎಂಬರ್ಥದ 'ಪಾಂಗು' ಎಂಬ ಹಳಗನ್ನಡ ಶಬ್ದದಲ್ಲಿ ಅನುಸ್ವಾರವಿತ್ತು. 'ಹಾಂಗ' ಎಂಬವರು ಅದನ್ನು ಉಳಿಸಿಕೊಂಡರು. 'ಹಾಗೆ' ಎಂಬವರು ಬಿಟ್ಟರು. ಇಲ್ಲಿ ಹಳೆಯದು ನಮ್ಮದು. 'ಮನೆಯಲ್ಲಿ' ಎಂಬುದಕ್ಕೆ ನಾವು ಹೇಳುವ 'ಮನ್ಯಾಗ' ಎಂಬುದೂ 'ಅಲ್ಲಿ' ಎಂಬುದರ ವಿಕಾರವಲ್ಲ. 'ಒಳಗೆ' ಎಂಬ ಬೇರೆ ಶಬ್ದವು ಸವೆದು ಆದ ರೂಪ. ಹಾಗೆಂದು ನಮ್ಮ ಮಾತೆಲ್ಲವೂ ಹಳೆಯದೆಂದು ಬೀಗುವದೂ ಸಲ್ಲದು. 'ಮನಿ', 'ಬ್ಯಾಡ' ಎಂಬಲ್ಲಿ ಬದಲಾದವರು ನಾವೇ, ಹಳೆಯದನ್ನು ಉಳಿಸಿಕೊಂಡವರು ಅವರು. ಯಾವ ಸೀಮೆಯೂ ಎಲ್ಲವನ್ನೂ ಕಾಯ್ದಿಲ್ಲ. ಯಾವ ಸೀಮೆಯೂ ಎಲ್ಲವನ್ನೂ ಕಳೆದಿಲ್ಲ.

ಅದರಂತೆಯೇ ಅಚ್ಚಗನ್ನಡವೆಂದು ನಾವು ನಂಬಿದ ಶಬ್ದಗಳಲ್ಲಿ ಎಷ್ಟೋ ಹೊರಗಿನಿಂದ ಬಂದವು. ನಮ್ಮ ಮನೆಗಳ 'ಚಾವಿ'ಯು ಪೋರ್ತುಗೀಜರದು, 'ಬಟಾಟಿ'ಯೂ ಅವರ ಮೂಲಕ ಬಂದದ್ದು, 'ಪಾದ್ರಿ'ಯೂ ಅವರಿಂದಲೇ ಬಂದ ಶಬ್ದ. ವಿಜಾಪುರದಲ್ಲಿ ಆದಿಲಶಾಹಿ ಅರಸರು ೧೪೯೦ರಿಂದ ೧೬೮೬ರ ವರೆಗೆ ಆಳಿದ ಸೀಮೆಯಿದು. ರೈತ, ಜಮೀನು, ಅರ್ಜಿ, ಬಾಕಿ, ಕಾಗದ ಮೊದಲಾದ ಅರಬ್ಬಿ-ಪಾರಸೀ ಶಬ್ದಗಳು ನಮ್ಮ ಮಾತಿನಲ್ಲಿ ಬೇರೂರಿರುವದು ಆಶ್ಚರ್ಯವಲ್ಲ. ನಾವು ಕುಡಿಯುವ 'ಚಹಾ'ವು ಚೀನೀ ಶಬ್ದ. ದಕ್ಷಿಣದವರ 'ಟೀ' ಎಂಬುದೂ ಚೀನೀ ಶಬ್ದವೇ, ಆದರೆ ಆ ದೇಶದ ಸಮುದ್ರತೀರದ ಬೇರೊಂದು ಸೀಮೆಯ ಉಚ್ಚಾರ. ಕೊಡುವದೂ ಉಂಟು: ಸಂಸ್ಕೃತದ 'ಮೀನ', 'ನೀರ' ಎಂಬವು ದ್ರಾವಿಡ ಭಾಷೆಗಳಿಂದ ಹೋದವೆಂದು ಪಂಡಿತರು ಸಾಮಾನ್ಯವಾಗಿ ಒಪ್ಪುವರು. ಕೊಟ್ಟು ತೆಗೆದುಕೊಳ್ಳದ ಭಾಷೆಯೂ ಇಲ್ಲ, ಕುಟುಂಬವೂ ಇಲ್ಲ.

ಈ ಸೀಮೆಯ ಪಾಲು

ನಮ್ಮ ಮಾತು ಒರಟೆಂದು ನಗುವವರಿಗೆ ಹೇಳತಕ್ಕ ಮಾತೊಂದಿದೆ. ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿಯದೆಂದು ಹೇಳುವಾಗ ನಾಲ್ಕು ಊರುಗಳ ನಡುವಿನ ನಾಡನ್ನು ಹೆಸರಿಸುವದು. ಅವುಗಳಲ್ಲಿ ಒಂದಾದ ಕಿಸುವೊಳಲು ಎಂದರೆ ಇಂದಿನ ಪಟ್ಟದಕಲ್ಲು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯು ಬೇರೆಯಾಗುವ ತನಕ ಅದು ನಮ್ಮ ಜಿಲ್ಲೆಯ ಊರೇ ಆಗಿತ್ತು. ಅದರ ನೆರೆಯ ಬಾದಾಮಿಯ ಬಂಡೆಯಲ್ಲಿ, ಸುಮಾರು ಕ್ರಿ.ಶ. ೭೦೦ರದೆಂದು ಹೇಳುವ ಕಪ್ಪೆ ಅರಭಟ್ಟನ ಶಾಸನವಿದೆ. ಅದರೊಳಗಿನ ಕನ್ನಡ ಪದ್ಯಗಳು ತ್ರಿಪದಿಯಲ್ಲಿವೆ. ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ್ದೂ ತ್ರಿಪದಿಯಲ್ಲಿಯೇ. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಒಂದು ಕಟ್ಟನ್ನು ಶಾಲೆಯ ಮುಖವನ್ನೇ ನೋಡದ ಹೆಂಗಸರು ಬಾಯಿಂದ ಬಾಯಿಗೆ ಕಾಯ್ದುಕೊಂಡು ಬಂದರು.

ಆ ಹಾಡುಗಳನ್ನು ಕಾಗದಕ್ಕೆ ಇಳಿಸಿದವರೂ ನಮ್ಮ ನೆರೆಯವರೇ. ಚಡಚಣದ ಸಮೀಪದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಎಂಬ ಗೆಳೆಯರು ಕೂಡಿ ಮನೆಮನೆಯ ಹೆಂಗಸರಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು. ಅವರ 'ಗರತಿಯ ಹಾಡು' ೧೯೩೧ರಲ್ಲಿ ಪ್ರಕಟವಾಯಿತು. ಸಿಂಪಿ ಲಿಂಗಣ್ಣನವರು ೧೯೦೫ರಲ್ಲಿ ಚಡಚಣದಲ್ಲಿಯೇ ಜನಿಸಿದವರು, ವೃತ್ತಿಯಿಂದ ಶಿಕ್ಷಕರು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿಗಳನ್ನು ಕೂಡಿಸಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಇವರಾರೂ ದೂರದ ವಿಶ್ವವಿದ್ಯಾಲಯದ ಅಪ್ಪಣೆಗಾಗಿ ಕಾಯಲಿಲ್ಲ. ತಮ್ಮ ಸುತ್ತಲಿನ ಮಾತು ಕೇಳತಕ್ಕದ್ದೆಂದು ತಿಳಿದರು, ಕೇಳಿದರು, ಬರೆದರು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮರಾಠಿಯೇ ನಡೆಯುತ್ತಿತ್ತೆಂಬುದನ್ನು ನೆನೆದರೆ ಈ ಕಾರ್ಯದ ಬೆಲೆಯು ಇನ್ನೂ ಸ್ಪಷ್ಟವಾಗುವದು.

ಮನೆಯ ಮಾತೂ ಪುಸ್ತಕದ ಮಾತೂ

ಹಾಗಾದರೆ ಪುಸ್ತಕದ ಕನ್ನಡವನ್ನು ಕಲಿಯಬೇಕಿಲ್ಲವೇ ಎಂದು ಯಾರಾದರೂ ಕೇಳಬಹುದು. ಅವಶ್ಯವಾಗಿ ಕಲಿಯಬೇಕು. ಬೀದರದವರೂ ಚಾಮರಾಜನಗರದವರೂ ಒಬ್ಬರ ಬರಹವನ್ನೊಬ್ಬರು ಓದಬೇಕಾದರೆ ಎಲ್ಲರಿಗೂ ಸಮಾನವಾದ ಒಂದು ರೂಪವು ಬೇಕೇ ಬೇಕು. ಅರ್ಜಿಯಲ್ಲಿ, ಪ್ರಬಂಧದಲ್ಲಿ, ಸಭೆಯಲ್ಲಿ ಅದನ್ನು ತಪ್ಪಿಲ್ಲದೆ ಉಪಯೋಗಿಸುವಂತೆ ನಮ್ಮ ವಿದ್ಯಾರ್ಥಿನಿಯರನ್ನು ನಾವು ತಿದ್ದುತ್ತಲೇ ಇರುವೆವು. ಆದರೆ ಒಂದನ್ನು ಕಲಿಸುವದಕ್ಕಾಗಿ ಇನ್ನೊಂದನ್ನು ಹೀಯಾಳಿಸಬೇಕಾಗಿಲ್ಲ. ಹಬ್ಬದ ಸೀರೆಯನ್ನು ಕೊಂಡವಳು ದಿನದ ಸೀರೆಯನ್ನು ಬೀದಿಗೆ ಎಸೆಯುವದುಂಟೇ?

ಕರ್ತನಾದ ಯೇಸುವು ಸೆರೆಯಾದ ರಾತ್ರಿಯಲ್ಲಿ, ಅಂಗಳದಲ್ಲಿದ್ದ ಪೇತ್ರನನ್ನು ಅವನ ಮಾತಿನ ರೀತಿಯಿಂದಲೇ ಜನರು ಗುರುತಿಸಿದರೆಂದು ಮತ್ತಾಯನ ಸುವಾರ್ತೆಯು ಹೇಳುವದು. ಅವನದು ಗಲಿಲಾಯದ ಮಾತು; ರಾಜಧಾನಿಯವರ ಕಿವಿಗೆ ಬೇರೆಯಾಗಿ ಕೇಳಿಸಿತು. ಪೇತ್ರನು ಆ ರಾತ್ರಿ ಅಂಜಿ ತನ್ನ ಗುರುವನ್ನೇ ಅರಿಯೆನೆಂದನು. ಆದರೆ ಕರ್ತನೂ ಬೆಳೆದದ್ದು ಆ ಗಲಿಲಾಯದಲ್ಲಿಯೇ. ಪಂಚಾಶತ್ತಮ ದಿನದಲ್ಲಿ ನಾನಾ ದೇಶದವರು ದೇವರ ಮಹತ್ಕಾರ್ಯಗಳನ್ನು ತಮ್ಮ ತಮ್ಮ ಹುಟ್ಟುಭಾಷೆಗಳಲ್ಲಿ ಕೇಳಿದಾಗ, ಅವರ ಮುಂದೆ ಎದ್ದು ನಿಂತು ಮಾತಾಡಿದವನು ಅದೇ ಪೇತ್ರನು. ಮಾತಿನ ಕಾರಣದಿಂದ ಅಂಜುವ ನಮ್ಮ ಹೆಣ್ಣುಮಕ್ಕಳು ಇದನ್ನು ಮನಸ್ಸಿನಲ್ಲಿಡಲಿ.

ಕೊನೆಗೆ ನಮ್ಮ ಬಿನ್ನಹವಿಷ್ಟೇ. ಪಾಲಕರು, ಮಗಳು ಮನೆಯ ಮಾತನ್ನಾಡಿದಾಗ ನೆಂಟರ ಮುಂದೆ ಅವಳನ್ನು ಗದರಿಸದಿರಲಿ. ಕನ್ನಡದ ಅಭ್ಯಾಸವನ್ನು ಅಂಕಗಳಿಂದ ಮಾತ್ರ ಅಳೆಯದಿರಲಿ. ಮಾಜಿ ವಿದ್ಯಾರ್ಥಿನಿಯರು ಒಂದೊಂದು ವಹಿಯನ್ನು ಇಟ್ಟುಕೊಳ್ಳಲಿ. ಮನೆಯಲ್ಲಿ ಅಜ್ಜಿಯಿದ್ದರೆ ಅವಳು ಆಡುವ ಶಬ್ದವನ್ನು, ಅವಳು ಆಡಿದಂತೆಯೇ, ತಿದ್ದದೆ ಬರೆಯಲಿ. ಯಾವ ಊರಿನ ಮಾತು, ಯಾವ ಸಂದರ್ಭದ್ದು ಎಂಬುದನ್ನೂ ಪಕ್ಕದಲ್ಲಿ ಬರೆಯಲಿ. ಟ್ರ್ಯಾಕ್ಟರು ಬಂದ ಹೊಲಗಳಲ್ಲಿ ಕೂರಿಗೆಯ, ಕುಂಟೆಯ ಒಂದೊಂದು ಭಾಗದ ಹೆಸರೂ ಮರೆಯಾಗುತ್ತಿದೆ. ಹಿಟ್ಟಿನ ಗಿರಣಿ ಬಂದ ಊರುಗಳಲ್ಲಿ ಬೀಸುವ ಹಾಡು ನಿಂತಿದೆ. ಹಂತಿಯ ಹಾಡನ್ನು ಬಲ್ಲವರು ವಿರಳ. ಯಂತ್ರಗಳು ಬಂದು ಹೆಂಗಸರ ರಟ್ಟೆಯ ನೋವು ಕಡಿಮೆಯಾದದ್ದಕ್ಕೆ ದೇವರಿಗೆ ಸ್ತೋತ್ರ. ಆದರೆ ನೋವಿನೊಡನೆ ನುಡಿಯೂ ಹೋಗಬೇಕಾಗಿಲ್ಲ. ಕೇಶಿರಾಜನು 'ೞ'ಕಾರವನ್ನು ಬರೆದಿಟ್ಟಂತೆ ಇವನ್ನು ಬರೆದಿಡಬಲ್ಲವರು ಇನ್ನೂ ಇದ್ದಾರೆ, ಅವರು ನೀವೇ. ಆ ವಹಿಗಳನ್ನು ಶಾಲೆಗೆ ತಂದರೆ ನಮ್ಮ ಇಂದಿನ ಹುಡುಗಿಯರು ಅವುಗಳಿಂದಲೇ ವ್ಯಾಕರಣವನ್ನು ಕಲಿಯುವರು.

ನುಡಿಯನ್ನು ಕೊಟ್ಟಾತನು ಅದನ್ನು ಅರಿಯುವ ಬುದ್ಧಿಯನ್ನೂ ನಮ್ಮ ಮಕ್ಕಳಿಗೆ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.